ಸೈನ್ಸ್ ಓದಿದವರು ವಿಕ್ಕಾ ಆಚರಿಸಬಹುದಾ?

ಪ್ರಶ್ನೆ: ನಾನು ಎಂ.ಎಸ್ಸಿ. ಮಾಡಿದವಳು. ಎರಡು ವರ್ಷದಿಂದ ಪ್ರತಿ ಹುಣ್ಣಿಮೆಗೆ ಕೋಣೆಯಲ್ಲಿ ಒಂದು ಕ್ಯಾಂಡಲ್ ಹಚ್ಚಿ, ದೇವಿಯನ್ನೂ ಪ್ರಕೃತಿಯನ್ನೂ ಆರಾಧಿಸುವ ವಿಕ್ಕಾ ಅನ್ನುವ ಪಾಶ್ಚಾತ್ಯ ಧರ್ಮದ ಚಿಕ್ಕ ಆಚರಣೆ ಮಾಡುತ್ತೇನೆ. ಮನಸ್ಸು ಹಗುರ ಆಗುತ್ತದೆ. ಮೊನ್ನೆ ಅಣ್ಣ ನೋಡಿ, ‘ಸೈನ್ಸ್ ಓದಿ ಮಾಟ ಮಾಡ್ತೀಯಾ?’ ಅಂದ. ಉತ್ತರ ಹೊಳೆಯಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಆಗುತ್ತದಾ? ಅಥವಾ ನನಗೆ ನಾನೇ ಮೋಸ ಮಾಡಿಕೊಳ್ಳುತ್ತಿದ್ದೇನಾ?

ಉತ್ತರ: ಆಗುತ್ತದೆ. ಆದರೆ ಒಂದು ವಿಷಯದಲ್ಲಿ ಸಡಿಲ ಬಿಡಬಾರದು. ಆಚರಣೆ ನಿಮ್ಮ ಮೇಲೆ ಏನು ಮಾಡುತ್ತದೆ ಅನ್ನುವುದು ಒಂದು ಮಾತು. ಹೊರಗಿನ ಜಗತ್ತಿನ ಮೇಲೆ ಏನು ಮಾಡುತ್ತದೆ ಅನ್ನುವುದು ಬೇರೆಯೇ ಮಾತು. ಮೊದಲನೆಯದಕ್ಕೆ ನೀವೇ ಸಾಕ್ಷಿ. ಎರಡನೆಯದಕ್ಕೆ ನಿಮ್ಮ ಸಾಕ್ಷಿ ಸಾಲದು, ಅಳತೆ ಬೇಕು. ಇವೆರಡನ್ನು ಬೆರೆಸದೆ ಇದ್ದರೆ ನೀವು ಯಾರಿಗೂ ಮೋಸ ಮಾಡುತ್ತಿಲ್ಲ.

ಮೊದಲು ನಿಮ್ಮ ಅಣ್ಣ ಬಳಸಿದ ಪದ ನೋಡೋಣ. ನಮ್ಮಲ್ಲಿ ‘ಮಾಟ’ ಅಂದರೆ ಇನ್ನೊಬ್ಬರಿಗೆ ಮಾಡಿಸುವುದು. ‘ಯಾರೋ ಮಾಟ ಮಾಡಿಸಿದ್ದಾರೆ’ ಅಂತಲೇ ನಾವು ಹೇಳುವುದು. ಆ ಪದದೊಳಗೆ ಕೇಡು ಮೊದಲೇ ಕೂತಿದೆ. ವಿಕ್ಕಾದವರು ಹೇಳಿಕೊಳ್ಳುವ ಮುಖ್ಯ ನಿಯಮ ಅದಕ್ಕೆ ಉಲ್ಟಾ: ಯಾರಿಗೂ ಕೇಡಾಗದಿದ್ದರೆ ನಿನ್ನಿಷ್ಟದಂತೆ ನಡೆ. ಹಾಗಾಗಿ ಅವರು ತಮ್ಮನ್ನು ಕರೆದುಕೊಳ್ಳುವ ಇಂಗ್ಲಿಷಿನ ‘ವಿಚ್’ ಅನ್ನುವ ಪದಕ್ಕೆ ಸುಮ್ನೆ ‘ಮಾಟಗಾತಿ’ ಅಂತ ಬರೆದರೆ ಅರ್ಥ ಕೆಡುತ್ತದೆ. ಕೆಡುವುದು ಅರ್ಥ ಮಾತ್ರ ಅಲ್ಲ. ಜಾರ್ಖಂಡ್, ಬಿಹಾರದಂಥ ಕಡೆ ‘ಡಾಯನ್’ (ಮಾಟಗಾತಿ) ಅಂತ ಹಣೆಪಟ್ಟಿ ಹಚ್ಚಿ ಹೆಂಗಸರನ್ನು ಹೊಡೆದು ಸಾಯಿಸಿದ್ದಾರೆ. ಅದನ್ನು ತಡೆಯಲಿಕ್ಕೇ ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ ಕಾನೂನು ತರಬೇಕಾಯಿತು. ಇಂಥ ನಾಡಿನಲ್ಲಿ ಈ ಪದವನ್ನು ಹಗುರವಾಗಿ ಬಳಸಲು ನನಗೆ ಮನಸ್ಸು ಬರುವುದಿಲ್ಲ. ವಿಕ್ಕಾವನ್ನು ವಿಕ್ಕಾ ಅಂತಲೇ ಕರೆಯೋಣ.

ವಿಕ್ಕಾ ಎಲ್ಲಿಂದ ಬಂತು ಅನ್ನುವುದು ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟದ್ದು. ಇಂಗ್ಲೆಂಡಿನಲ್ಲಿ 1735ರ ಒಂದು ಕಾಯ್ದೆ ಇತ್ತು. ತನಗೆ ಮಾಯಾಶಕ್ತಿ ಇದೆ ಅಂತ ಹೇಳಿಕೊಳ್ಳುವುದೇ ಅದರ ಪ್ರಕಾರ ಅಪರಾಧ. ಆ ಕಾಯ್ದೆ 1951ರಲ್ಲಿ ರದ್ದಾಯಿತು. ಮೂರು ವರ್ಷ ಬಿಟ್ಟು, 1954ರಲ್ಲಿ, ಜೆರಾಲ್ಡ್ ಗಾರ್ಡ್ನರ್ ಅನ್ನುವವರು ಒಂದು ಪುಸ್ತಕ ತಂದರು. ಇವರು ಮಲಯದಲ್ಲಿ (ಈಗಿನ ಮಲೇಷ್ಯಾ) ಕಸ್ಟಮ್ಸ್ ಅಧಿಕಾರಿಯಾಗಿದ್ದು ರಿಟೈರ್ ಆದವರು. ಕ್ರೈಸ್ತ ಧರ್ಮಕ್ಕಿಂತ ಹಳೆಯದಾದ ಒಂದು ಧರ್ಮ ಗುಟ್ಟಾಗಿ ಉಳಿದು ಬಂದಿದೆ, 1939ರಲ್ಲಿ ದಕ್ಷಿಣ ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಸೀಮೆಯ ಒಂದು ಕೂಟ ನನಗೆ ದೀಕ್ಷೆ ಕೊಟ್ಟಿತು ಅನ್ನುವುದು ಅವರ ಮಾತು. ಇದಕ್ಕೆ ಆಧಾರವಾಗಿ ನಿಂತಿದ್ದು ಮಾರ್ಗರೆಟ್ ಮರ್ರೆ ಅನ್ನುವ ವಿದ್ವಾಂಸೆ 1921ರಲ್ಲಿ ಮಂಡಿಸಿದ ವಾದ. ಯುರೋಪಿನಲ್ಲಿ ಮಾಟಗಾತಿಯರು ಅಂತ ಕೊಂದದ್ದು ನಿಜಕ್ಕೂ ಆ ಹಳೆ ಧರ್ಮದವರನ್ನು ಅಂತ ಅವರು ಬರೆದಿದ್ದರು.

ಆ ವಾದ ನಿಲ್ಲಲಿಲ್ಲ. ದಾಖಲೆಗಳನ್ನು ಒಂದೊಂದಾಗಿ ನೋಡಿದ ಇತಿಹಾಸಕಾರರು ಅಂಥ ಸಂಘಟಿತ ಧರ್ಮ ಇರಲೇ ಇಲ್ಲ ಅಂದರು. ಬ್ರಿಸ್ಟಲ್ ವಿಶ್ವವಿದ್ಯಾಲಯದ ರೊನಾಲ್ಡ್ ಹಟನ್ 1999ರಲ್ಲಿ ಒಂದು ಪುಸ್ತಕ ಬರೆದು ವಿಕ್ಕಾದ ಇಡೀ ಚರಿತ್ರೆಯನ್ನು ಬಿಡಿಸಿಟ್ಟರು. ಅದು 20ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲೇ ರೂಪುಗೊಂಡ ಧರ್ಮ ಅಂತ ತೋರಿಸಿದರು. ಆಮೇಲೆ ನಡೆದದ್ದು ನನಗೆ ಬಹಳ ಇಷ್ಟ. ಕೆಲವರು ಸಿಟ್ಟಾದರು, ನಿಜ. ಆದರೆ ಬಹಳಷ್ಟು ವಿಕ್ಕನ್‌ಗಳು ಆ ಪುಸ್ತಕವನ್ನು ಓದಿ ಒಪ್ಪಿಕೊಂಡರು. ನಮ್ಮ ಧರ್ಮ ಹೊಸದು, ಇರಲಿ, ನಮಗೆ ಬೇಕಾದದ್ದು ಇದರಲ್ಲಿ ಇದೆ ಅಂದರು. ತಮ್ಮ ಮೂಲದ ಕಥೆಯೇ ತಪ್ಪು ಅಂತ ಗೊತ್ತಾದ ಮೇಲೂ ಪುರಾವೆಯ ಪಕ್ಕ ನಿಲ್ಲುವುದು ಸುಲಭದ ಮಾತಲ್ಲ.

ಈ ಗುಣ ಮೊದಲಿಂದಲೂ ಕೆಲವರಲ್ಲಿ ಇತ್ತು. ಡೊರೀನ್ ವ್ಯಾಲಿಯಂಟೆ ಅಂತ ಒಬ್ಬರು. 1953ರಲ್ಲಿ ಗಾರ್ಡ್ನರ್ ಕೈಯಿಂದಲೇ ದೀಕ್ಷೆ ಪಡೆದವರು. ಪುರಾತನ ಅಂತ ಕೊಟ್ಟ ಮಂತ್ರಪಾಠಗಳನ್ನು ಓದುತ್ತಾ, ಇದರಲ್ಲಿ ಸುಮಾರು ಸಾಲು ಅಲಿಸ್ಟರ್ ಕ್ರೌಲಿ ಅನ್ನುವ ಇಂಗ್ಲಿಷ್ ಮಾಂತ್ರಿಕನ ಬರಹದಿಂದ ಬಂದಿದೆ ಅಂತ ಗುರುತು ಹಿಡಿದರು. ಸುಮ್ಮನಿರಲಿಲ್ಲ, ಗಾರ್ಡ್ನರ್ ಮುಂದೆ ಇಟ್ಟರು. ತನಗೆ ಸಿಕ್ಕಿದ್ದು ಚೂರುಪಾರು, ಉಳಿದದ್ದನ್ನು ತಾನೇ ತುಂಬಿಸಿದೆ ಅಂತ ಗಾರ್ಡ್ನರ್ ಒಪ್ಪಿದರು. ನಿನ್ನ ಕೈಲಾದರೆ ಇನ್ನೂ ಚೆನ್ನಾಗಿ ಬರಿ ಅಂದರು. ವ್ಯಾಲಿಯಂಟೆ ಬರೆದೇಬಿಟ್ಟರು. ಇವತ್ತು ವಿಕ್ಕನ್‌ಗಳು ದೇವಿಯ ಮಾತು ಅಂತ ಹೇಳುವ ಪಾಠದಲ್ಲಿ ಅವರ ಕೈಯೇ ಜಾಸ್ತಿ.

ಅವರದೇ ಇನ್ನೊಂದು ಕಥೆ ಇದೆ. ಗಾರ್ಡ್ನರ್‌ಗೆ ದೀಕ್ಷೆ ಕೊಟ್ಟದ್ದು ‘ಓಲ್ಡ್ ಡೊರೊಥಿ’ ಅನ್ನುವ ಶ್ರೀಮಂತ ಹೆಂಗಸು ಅಂತ ಮಾತಿತ್ತು. ಅಂಥವಳು ಇರಲೇ ಇಲ್ಲವೇನೋ ಅಂತ ಒಬ್ಬ ಇತಿಹಾಸಕಾರರು ಅನುಮಾನಪಟ್ಟರು. 1980ರ ಅಕ್ಟೋಬರ್ ಕೊನೆಯ ರಾತ್ರಿ ವ್ಯಾಲಿಯಂಟೆ ಗೆಳೆಯರ ಜೊತೆ ಕಾಡಿಗೆ ಹೋಗಿ ಹಬ್ಬ ಆಚರಿಸಿದರು, ಡೊರೊಥಿಯನ್ನು ಮನಸಾರೆ ಕರೆದರು. ಆಮೇಲೆ ಏನು ಮಾಡಿದರು ಗೊತ್ತಾ? ಜನನ, ಮರಣ, ಮದುವೆಯ ದಾಖಲೆಗಳ ಹುಡುಕಾಟಕ್ಕೆ ಇಳಿದರು. ತಿಂಗಳುಗಟ್ಟಲೆ ಹುಡುಕಿದರು. ಕೊನೆಗೆ ಸಿಕ್ಕಿತು. ಡೊರೊಥಿ ಕ್ಲಟರ್‌ಬಕ್, ಹುಟ್ಟಿದ್ದು 1880ರಲ್ಲಿ, ಅದೂ ಬ್ರಿಟಿಷರ ಕಾಲದ ನಮ್ಮ ದೇಶದಲ್ಲಿ. ಅಪ್ಪ ಇಲ್ಲಿನ ಸೈನ್ಯದಲ್ಲಿ ಅಧಿಕಾರಿ. ತೀರಿಕೊಂಡದ್ದು 1951ರಲ್ಲಿ, ಇಂಗ್ಲೆಂಡಿನಲ್ಲಿ. ಅಂದರೆ ಆ ಹೆಂಗಸು ಇದ್ದದ್ದು ಖರೆ. ಆದರೆ ವಿಕ್ಕಾದವಳಾಗಿದ್ದಳಾ? ಮುಂದೆ ಹಟನ್ ಅವಳ ಡೈರಿಗಳನ್ನು ಓದಿ ನೋಡಿದರು. ಅದರಲ್ಲಿ ಪದ್ಯ ಇತ್ತು, ಚಿತ್ರ ಇತ್ತು, ಚರ್ಚಿಗೆ ಹೋಗುವ ಒಬ್ಬ ಮರ್ಯಾದಸ್ತ ಹೆಂಗಸಿನ ದಿನಚರಿ ಇತ್ತು. ಇಂಥ ಆಚರಣೆಯ ಸುಳಿವಿರಲಿಲ್ಲ. ಒಂದು ಮಾತು ಸಾಬೀತಾಯಿತು, ಇನ್ನೊಂದು ಆಗಲಿಲ್ಲ. ಎರಡನ್ನೂ ಅಷ್ಟಷ್ಟಕ್ಕೇ ಇಟ್ಟುಕೊಳ್ಳಬೇಕು.

ಇನ್ನು ನಂಬಿಕೆಯ ವಿಷಯ. ವಿಕ್ಕಾದಲ್ಲಿ ಎಲ್ಲರೂ ಒಪ್ಪಲೇಬೇಕಾದ ತತ್ವಗಳ ಪಟ್ಟಿ ಇಲ್ಲ. ಆಚರಣೆ ಮುಖ್ಯ. ಪಕ್ಕ ಪಕ್ಕ ನಿಂತು ಒಂದೇ ಪೂಜೆ ಮಾಡುವ ಇಬ್ಬರಲ್ಲಿ ಒಬ್ಬರಿಗೆ ದೇವಿ ನಿಜವಾಗಿ ಇರುವವಳು, ಇನ್ನೊಬ್ಬರಿಗೆ ಅದು ಪ್ರಕೃತಿಗೆ ಕೊಟ್ಟ ಹೆಸರು. ದೇವರೇ ಇಲ್ಲ ಅನ್ನುತ್ತಾ ಋತುಹಬ್ಬಗಳನ್ನು ಮಾತ್ರ ಆಚರಿಸುವ ಪೇಗನ್‌ಗಳೂ (ವಿಕ್ಕಾದಂಥ ಪ್ರಕೃತಿ ಧರ್ಮಗಳವರು) ಅಮೆರಿಕದಲ್ಲಿದ್ದಾರೆ. ಅಮೆರಿಕದ ಸಾರ್ವಜನಿಕ ರೇಡಿಯೋ ಎನ್‌ಪಿಆರ್‌ನಲ್ಲಿ ವರ್ಷಾನುಗಟ್ಟಲೆ ವರದಿ ಮಾಡಿದ ಮಾರ್ಗೊ ಆಡ್ಲರ್ ವಿಕ್ಕಾದ ಅರ್ಚಕಿಯೂ ಆಗಿದ್ದರು. ಅವರು ಈ ಜನರ ನಡುವೆ ಸರ್ವೆ ಮಾಡಿದಾಗ ಕಂಪ್ಯೂಟರ್, ತಾಂತ್ರಿಕ ಕೆಲಸದವರು ಕಣ್ಣಿಗೆ ಬೀಳುವಷ್ಟು ಜಾಸ್ತಿ ಇದ್ದರು. ನೀವು ಒಬ್ಬರೇ ಅಲ್ಲ.

ಈಗ ಅಳತೆಗೆ ಬರೋಣ. ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುವುದು 2011ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನ. ಅಮೆರಿಕದಲ್ಲಿ 39 ಮಂದಿ ಅಸ್ತಮಾ ರೋಗಿಗಳ ಮೇಲೆ ಮಾಡಿದ್ದು. ಅದೇ ಜನರಿಗೆ ಬೇರೆ ಬೇರೆ ದಿನ ನಿಜವಾದ ಇನ್‌ಹೇಲರ್, ಔಷಧ ಇಲ್ಲದ ಹುಸಿ ಇನ್‌ಹೇಲರ್, ಹುಸಿ ಅಕ್ಯುಪಂಕ್ಚರ್ ಕೊಟ್ಟರು. ಕೆಲವು ದಿನ ಏನೂ ಕೊಡಲಿಲ್ಲ. ‘ಎಷ್ಟು ಹಗುರ ಆಯಿತು?’ ಅಂತ ಕೇಳಿದರೆ ನಿಜವಾದ ಮದ್ದಿಗೆ ಶೇ 50, ಹುಸಿ ಇನ್‌ಹೇಲರ್‌ಗೆ ಶೇ 45, ಹುಸಿ ಸೂಜಿಗೆ ಶೇ 46. ಏನೂ ಕೊಡದಿದ್ದಾಗ ಶೇ 21. ಅಂದರೆ ಹುಸಿಯಿಂದಲೂ ನಿಜವಾಗಿಯೇ ಹಗುರ ಅನಿಸಿತ್ತು. ಆದರೆ ಯಂತ್ರಕ್ಕೆ ಊದಿಸಿ ಶ್ವಾಸಕೋಶದ ಶಕ್ತಿ ಅಳೆದಾಗ, ನಿಜವಾದ ಮದ್ದು ಶೇ 20ರಷ್ಟು ಸುಧಾರಣೆ ತಂದಿತ್ತು. ಉಳಿದವೆಲ್ಲ ಶೇ 7ರ ಆಸುಪಾಸು, ಏನೂ ಕೊಡದಿದ್ದಾಗ ಆದಷ್ಟೇ.

ಈ ಅಂಕಿಗಳನ್ನು ಇನ್ನೊಂದು ಸಲ ಓದಿ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಿಮ್ಮ ಹುಣ್ಣಿಮೆಯ ಕ್ಯಾಂಡಲ್ ಕೊಡುವ ಹಗುರ ಸುಳ್ಳಲ್ಲ. ಯಾರೋ ನಿಂತು ಗಮನ ಕೊಟ್ಟು ಏನೋ ಮಾಡಿದಾಗ ದುಗುಡ ಇಳಿಯುತ್ತದೆ. ನಾನು ಚಿಕ್ಕವಳಿದ್ದಾಗ ಜ್ವರ ಬಂದರೆ ಅಜ್ಜಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಆ ಕೈ ಮೂರು ಸಲ ಮುಖದ ಮುಂದೆ ಸುತ್ತಿದರೆ ಅರ್ಧ ಸಂಕಟ ಹೋಗುತ್ತಿತ್ತು. ಜ್ವರ ಇಳಿಸಿದ್ದು ಮಾತ್ರ ಮಾತ್ರೆ. ಅಜ್ಜಿ ಎರಡನ್ನೂ ಬಿಡುತ್ತಿರಲಿಲ್ಲ. ಉಸಿರು ಕಟ್ಟಿದಾಗ ಕೈ ಹೋಗಬೇಕಾದದ್ದು ಇನ್‌ಹೇಲರ್‌ಗೆ.

ದೂರದಲ್ಲಿರುವವರ ಮೇಲೆ ಪರಿಣಾಮ ಆಗುತ್ತದೆ ಅನ್ನುವ ಮಾತು ಬೇರೆ. ಅದು ಹೊರ ಜಗತ್ತಿನ ಮಾತು. ಬೈಪಾಸ್ ಆಪರೇಷನ್ ಆದ 1802 ರೋಗಿಗಳ ಮೇಲೆ ಪ್ರಾರ್ಥನೆಯ ಫಲ ಅಳೆದ ಅಧ್ಯಯನ 2006ರಲ್ಲಿ ಬಂತು. ಪ್ರಾರ್ಥನೆ ನಡೆದವರಿಗೂ ನಡೆಯದವರಿಗೂ ವ್ಯತ್ಯಾಸ ಸಿಗಲಿಲ್ಲ. ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಿದ್ದಾರೆ ಅಂತ ಹೇಳಿಸಿಕೊಂಡವರಿಗೆ ತೊಂದರೆ ಕೊಂಚ ಜಾಸ್ತಿಯೇ ಆಯಿತು. ಶಕ್ತಿ ಕೊಡುತ್ತವೆ ಅನ್ನುವ ಹರಳುಗಳದ್ದೂ ಇದೇ ಕಥೆ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಮನಶ್ಶಾಸ್ತ್ರಜ್ಞ ಕ್ರಿಸ್ ಫ್ರೆಂಚ್ ಜನರ ಕೈಗೆ ಅಸಲಿ ಹರಳು, ನಕಲಿ ಹರಳು ಎರಡನ್ನೂ ಕೊಟ್ಟು ನೋಡಿದರು. ಜುಮ್ಮೆನ್ನುವುದು, ಬಿಸಿಯಾಗುವುದು ಎರಡರಲ್ಲೂ ಒಂದೇ ಥರ ಆಯಿತು. ಯಾರಾದರೂ ‘ಕ್ವಾಂಟಮ್ ಎನರ್ಜಿ’ ಅಂತ ಹೇಳಿ ಹರಳು ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ. ಚೆಂದ ಕಂಡರೆ ಕೊಳ್ಳಿ, ಅದು ಬೇರೆ.

ನಿಜವಾದ ಅಪಾಯ ನಿಧಾನಕ್ಕೆ ಬರುತ್ತದೆ. ತಾನ್ಯಾ ಲೂರ್ಮನ್ ಅನ್ನುವ ಮಾನವಶಾಸ್ತ್ರಜ್ಞೆ 1980ರ ದಶಕದಲ್ಲಿ ಲಂಡನ್ನಿನ ಇಂಥ ಕೂಟಗಳಲ್ಲಿ ತಾವೇ ಕೂತು, ಕಲಿತು, ಆಚರಿಸಿ ನೋಡಿದರು. ಬಂದವರು ಓದಿದವರು, ಒಳ್ಳೆ ಕೆಲಸದಲ್ಲಿದ್ದವರು. ಅವರು ಒಂದೇ ದಿನ ನಂಬಿಬಿಡಲಿಲ್ಲ. ಮೊದಲು ಸುಮ್ನೆ ಮಾಡಿ ನೋಡಿದರು. ಆಮೇಲೆ ಕಾಕತಾಳೀಯಗಳು ಕಣ್ಣಿಗೆ ಬೀಳತೊಡಗಿದವು. ಫಲಿಸಿದ್ದು ನೆನಪಿನಲ್ಲಿ ಉಳಿಯಿತು, ಫಲಿಸದ್ದು ಮರೆತುಹೋಯಿತು. ಒಂದೆರಡು ವರ್ಷದಲ್ಲಿ ಜಗತ್ತನ್ನು ನೋಡುವ ರೀತಿಯೇ ಜರುಗಿತ್ತು. ನಮ್ಮ ಮನೆಗಳಲ್ಲಿ ಹಲ್ಲಿ ಲೊಚಗುಟ್ಟಿದ್ದು ನಿಜ ಆಗುವುದೂ ಹೀಗೇ, ಅಲ್ವಾ?

ಇದಕ್ಕೆ ಮದ್ದು ವಿಕ್ಕಾದೊಳಗೇ ಇದೆ. ಅವರು ‘ಬುಕ್ ಆಫ್ ಶ್ಯಾಡೋಸ್’ ಅಂತ ಒಂದು ನೋಟ್‌ಬುಕ್ ಇಡುತ್ತಾರೆ. ನಿಮ್ಮ ಹತ್ತಿರವೂ ಇರಬಹುದು. ಅದರಲ್ಲಿ ಆಚರಣೆಗೆ ಮುಂಚೆಯೇ ಬರೆದುಬಿಡಿ: ಇವತ್ತಿನ ತಾರೀಖು, ಏನು ಬೇಡುತ್ತಿದ್ದೇನೆ, ಯಾವತ್ತಿನೊಳಗೆ ಆಗಬೇಕು, ಏನಾದರೆ ಆಯಿತು ಅಂತ ಲೆಕ್ಕ. ಆಗದಿದ್ದರೆ ಆಗಲಿಲ್ಲ ಅಂತ ಅದೇ ಶಾಯಿಯಲ್ಲಿ ಬರೆಯಿರಿ. ಪುಟ ಹರಿಯಬೇಡಿ.

ಎರಡು ಮಾತು ಗಿಡಮೂಲಿಕೆ ಬಗ್ಗೆ. ವಿಕ್ಕಾ ಪುಸ್ತಕಗಳಲ್ಲಿ ಬರುವ ಫಾಕ್ಸ್‌ಗ್ಲೋವ್, ಬೆಲ್ಲಡೋನಾ, ಪೆನ್ನಿರಾಯಲ್ ಎಣ್ಣೆ ಯಾವುದನ್ನೂ ಬಾಯಿಗೆ ಹಾಕಬೇಡಿ. ಫಾಕ್ಸ್‌ಗ್ಲೋವ್‌ನಿಂದ ಹೃದಯದ ಮದ್ದು ಸಿಗುತ್ತದೆ ಅಂತ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲೇ ಬರೆದರು. ಮದ್ದಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ ಅನ್ನುವುದೂ ಆಗಲೇ ಗೊತ್ತಿತ್ತು. ಪೆನ್ನಿರಾಯಲ್ ಎಣ್ಣೆ ಲಿವರ್ ಹಾಳುಮಾಡಿ ಜೀವ ತೆಗೆದದ್ದಿದೆ.

ಹಬ್ಬಗಳ ವಿಷಯದಲ್ಲಿ ನಿಮ್ಮ ಓದು ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ವಿಕ್ಕಾದ ವರ್ಷಕ್ಕೆ ಎಂಟು ಹಬ್ಬ. ನಾಲ್ಕು ಸೂರ್ಯನ ಲೆಕ್ಕದ್ದು, ನಾಲ್ಕು ಅವುಗಳ ನಡುವಿನದು. ಭೂಮಿ 23.4 ಡಿಗ್ರಿ ವಾಲಿರುವುದೇ ಈ ಹಬ್ಬಗಳಿಗೆಲ್ಲ ಮೂಲ. ಲಂಡನ್ನಿನಲ್ಲಿ ಜೂನ್ ಹಗಲು 16 ಗಂಟೆ ದಾಟುತ್ತದೆ, ಡಿಸೆಂಬರ್ ಹಗಲು 8 ಗಂಟೆಯೂ ಇರುವುದಿಲ್ಲ. ಅಲ್ಲಿ ಬೆಳಕು ಮರಳಿತು ಅಂತ ದೀಪ ಹಚ್ಚುವುದು ಎದೆಯಿಂದ ಬರುವ ಮಾತು. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಆಸ್ಟ್ರೇಲಿಯಾದ ವಿಕ್ಕನ್‌ಗಳಲ್ಲಿ ಬಹಳ ಮಂದಿ ಹಬ್ಬಗಳನ್ನು ಆರು ತಿಂಗಳು ತಿರುಗಿಸಿಬಿಟ್ಟಿದ್ದಾರೆ. ಅವರ ತಲೆಮೇಲಿನ ಆಕಾಶಕ್ಕೆ ಅದೇ ಸರಿ. ನೀವೂ ಮಳೆ ಯಾವಾಗ ಬರುತ್ತದೆ, ಹೊಂಗೆ ಯಾವಾಗ ಚಿಗುರುತ್ತದೆ ಅಂತ ನೋಡಿ ದಿನ ಗೊತ್ತುಮಾಡಿಕೊಳ್ಳಬಹುದು.

ಕೆಲವು ವರ್ಷದ ಹಿಂದೆ ಅಕ್ಟೋಬರ್ 31ಕ್ಕೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಒಬ್ಬ ಗೆಳತಿಯ ಮನೆಯಲ್ಲಿದ್ದೆ. ಅವಳು ಲ್ಯಾಬಿನಲ್ಲಿ ಕೆಲಸ ಮಾಡುವವಳು, ಹದಿನೈದು ವರ್ಷದಿಂದ ವಿಕ್ಕನ್. ಸಂಜೆ ಐದೂವರೆಗೆಲ್ಲ ಹೊರಗೆ ಬೆಳಕು ಹೋಗಿತ್ತು. ಅವತ್ತು ಅವರಿಗೆ ತೀರಿಹೋದವರನ್ನು ನೆನೆಯುವ ಹಬ್ಬ, ನಮ್ಮ ಮಹಾಲಯ ಅಮಾವಾಸ್ಯೆಯ ಹಾಗೆ. ಮೇಜಿನ ಮೇಲೆ ಅವಳ ಅಮ್ಮನ ಫೋಟೋ, ಒಂದು ಬಟ್ಟಲು ಉಪ್ಪುನೀರು, ಕ್ಯಾಂಡಲ್. ಅವಳು ಒಂದು ಸೇಬು ತೆಗೆದು, ನಾವು ಕುಯ್ಯುವ ಹಾಗೆ ಉದ್ದಕ್ಕೆ ಕುಯ್ಯದೆ, ಅಡ್ಡಡ್ಡ ಕುಯ್ದಳು. ಒಳಗೆ ಐದು ಮೂಲೆಯ ನಕ್ಷತ್ರ. ಅದು ಅವರ ಗುರುತು. ಬೆರಳ ತುದಿಯಿಂದ ಒಂದೊಂದೇ ಮೂಲೆ ಮುಟ್ಟಿ, ಸೇಬಿನ ಹೂವಿಗೆ ಐದು ಎಸಳು, ಅಂಡಾಶಯದಲ್ಲಿ ಐದು ಕೋಣೆ, ಅದಕ್ಕೇ ಹೀಗೆ, ಗುಲಾಬಿಯ ಜಾತಿ ಇದು ಅಂತ ಹೇಳಿದಳು. ಅರ್ಧ ಹೋಳನ್ನು ಅಮ್ಮನ ಫೋಟೋದ ಮುಂದೆ ಇಟ್ಟಳು. ಉಳಿದರ್ಧವನ್ನು ಎರಡು ಮಾಡಿ ನನಗೊಂದು ಕೊಟ್ಟಳು. ಕ್ಯಾಂಡಲ್ ಆರುವ ತನಕ ಇಬ್ಬರೂ ಅಲ್ಲೇ ಕೂತಿದ್ದೆವು.