ಬ್ಯಾಗು ಬಂದಿಲ್ಲವೇ? ಹೊರಗೆ ಹೋಗುವ ಮುಂಚೆ ಕೌಂಟರಿಗೆ ಬನ್ನಿ

ವಿಮಾನ ಇಳಿದ ಮೇಲೆ ಬ್ಯಾಗು ಬರದಿದ್ದವರು ನಮ್ಮ ಬ್ಯಾಗೇಜ್ ಕೌಂಟರಿಗೆ ಬಂದಾಗ ಸಾಮಾನ್ಯವಾಗಿ ಹೇಳುವ ಮೊದಲ ಮಾತು: "ಚೆಕ್-ಇನ್‌ನಲ್ಲಿ ಎಲ್ಲಾ ಸರಿ ಇದೆ ಅಂದಿದ್ದರು." ಅಂದಿರಬಹುದು. ಆದರೆ ಒಳಗೆ ಬ್ಯಾಗು ಸಾಗಿಸುವ ಬೆಲ್ಟಿಗೂ ಅಲ್ಲಿಯ ಕೆಲಸಗಾರರಿಗೂ ಗೊತ್ತಿರುವುದು ಹಿಡಿಕೆಗೆ ಸುತ್ತಿದ ಟ್ಯಾಗ್ ಮಾತ್ರ. ಅದರಲ್ಲಿ ಯಾವ ಊರು ಇದೆಯೋ ಬ್ಯಾಗು ಅಲ್ಲಿಗೇ ಹೋಗುತ್ತದೆ.

ಆ ಟ್ಯಾಗಿನ ತುಂಡೊಂದನ್ನು ನಿಮ್ಮ ಬೋರ್ಡಿಂಗ್ ಪಾಸಿಗೆ ಅಂಟಿಸಿ ಕೊಡುತ್ತಾರೆ. ಚೆಕ್-ಇನ್ ಕೌಂಟರ್ ಬಿಡುವ ಮುಂಚೆ ಟ್ಯಾಗನ್ನೂ ಆ ತುಂಡನ್ನೂ ಓದಿಕೊಳ್ಳಿ. ಹೆಸರು ನಿಮ್ಮದೇ ತಾನೇ? ಎಷ್ಟು ಬ್ಯಾಗು ಕೊಟ್ಟಿರೋ ಅಷ್ಟು ತುಂಡು ಇದೆಯಾ? ಟ್ಯಾಗಿನ ಮೇಲೆ ದೊಡ್ಡದಾಗಿರುವ ಮೂರು ಅಕ್ಷರ ನಿಮ್ಮ ಕೊನೆಯ ಊರಿನದೇನಾ? ಈ ಮೂರು ಅಕ್ಷರದ ಬಗ್ಗೆ ಜಾಸ್ತಿ ಗಮನ ಇರಲಿ. ಕ್ಯಾಲಿಫೋರ್ನಿಯಾದಲ್ಲಿ ಒಂದು ಸ್ಯಾನ್ ಹೋಸೆ ಇದೆ, ಅದರ ಕೋಡ್ ಎಸ್‌ಜೆಸಿ. ಕೋಸ್ಟ ರಿಕಾದಲ್ಲಿ ಇನ್ನೊಂದಿದೆ, ಅದು ಎಸ್‌ಜೆಒ. ಒಂದೇ ಅಕ್ಷರ ತಪ್ಪಿದರೆ ಬ್ಯಾಗು ಬೇರೆ ದೇಶ ಸೇರುತ್ತದೆ. ಬ್ಯಾಗು ಬೆಲ್ಟಿನ ಮೇಲೆ ಹೋಗುವ ಮುಂಚೆ ತಪ್ಪು ಕಂಡರೆ ಹೊಸ ಟ್ಯಾಗ್ ಹಾಕಿಸುವುದು ಒಂದು ನಿಮಿಷದ ಕೆಲಸ. ಆಮೇಲೆ ಕಂಡರೆ ಅದನ್ನು ರಾಶಿಯಲ್ಲಿ ಹುಡುಕಿಸಬೇಕು.

ವಿಮಾನ ಬದಲಿಸುವವರಿಗೆ ಇನ್ನೊಂದು ತೊಡಕು. ಎರಡು ಟಿಕೆಟ್ ಬೇರೆ ಬೇರೆ ಕೊಂಡಿದ್ದರೆ ಟ್ಯಾಗ್ ಎಷ್ಟೋ ಸಲ ನಡುವಿನ ಊರಿಗೇ ಮುಗಿದಿರುತ್ತದೆ. ಪ್ರಯಾಣಿಕರು ಮುಂದಿನ ವಿಮಾನ ಹತ್ತಿರುತ್ತಾರೆ, ಬ್ಯಾಗು ಹಿಂದಿನ ಊರಿನ ಬೆಲ್ಟಿನ ಮೇಲೆ ಸುಮ್ನೆ ತಿರುಗುತ್ತಿರುತ್ತದೆ. ಒಂದೇ ಟಿಕೆಟ್ ಇದ್ದರೂ ಅಮೆರಿಕಕ್ಕೆ ಹೋಗುವವರು ಸಾಮಾನ್ಯವಾಗಿ ಮೊದಲು ಇಳಿದ ಊರಿನಲ್ಲೇ ಬ್ಯಾಗು ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ಹಾಗಾಗಿ ಚೆಕ್-ಇನ್‌ನಲ್ಲಿ ನೇರವಾಗಿ ಕೇಳಿ: "ಈ ಬ್ಯಾಗನ್ನು ನಾನು ಮತ್ತೆ ಎಲ್ಲಿ ತಗೋಬೇಕು?"

ಮನೆಮಂದಿ ಒಟ್ಟಿಗೆ ಹೊರಟಾಗ ಎಲ್ಲರ ಬ್ಯಾಗನ್ನೂ ಒಬ್ಬರ ಹೆಸರಿಗೇ ಹಾಕಿಬಿಡುವುದುಂಟು. ಎಲ್ಲರೂ ಒಂದೇ ಕಡೆ ಹೋಗುವುದಾದರೆ ಅಷ್ಟೇನೂ ತೊಂದರೆ ಇಲ್ಲ. ನಡುವೆ ಯಾರಾದರೂ ಬೇರೆ ಕಡೆ ಹೋಗುವವರಿದ್ದರೆ ಅವರ ಬ್ಯಾಗು ಅವರ ಹೆಸರಿಗೇ ಇರಲಿ. ಹಿಂದಿನ ಪ್ರಯಾಣದ ಟ್ಯಾಗು, ಸಣ್ಣ ಬಾರ್‌ಕೋಡ್ ಚೀಟಿಗಳನ್ನೆಲ್ಲ ಕಿತ್ತು ಹಾಕಿ. ಸ್ಕ್ಯಾನರ್ ಹಳೆಯದನ್ನು ಓದಿದರೆ ಬ್ಯಾಗು ದಾರಿ ತಪ್ಪುತ್ತದೆ.

ಇಷ್ಟೆಲ್ಲ ನೋಡಿಕೊಂಡರೂ ಬ್ಯಾಗು ತಡವಾಗಬಹುದು. ಬಹಳ ಸಲ ಕಾರಣ ಒಂದೇ: ಎರಡು ವಿಮಾನದ ನಡುವೆ ಸಮಯ ಕಡಿಮೆ. ನೀವು ಓಡಿಹೋಗಿ ಹತ್ತುತ್ತೀರಿ, ಬ್ಯಾಗು ಓಡಲಾರದು. ಬೆಲ್ಟು ನಿಂತ ಮೇಲೂ ನಿಮ್ಮದು ಬರಲಿಲ್ಲ ಅಂದರೆ, ನಿಮ್ಮನ್ನು ಕೊನೆಯದಾಗಿ ಕರೆತಂದ ಏರ್‌ಲೈನಿನ ಬ್ಯಾಗೇಜ್ ಕೌಂಟರಿಗೆ ಬನ್ನಿ. ಸುಸ್ತಾಗಿರುತ್ತದೆ, ನಾಳೆ ಫೋನ್ ಮಾಡೋಣ ಅನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಹಾಲ್‌ನಿಂದ ಆಚೆ ಹೋದರೆ ಮತ್ತೆ ಒಳಗೆ ಬಿಡುವುದು ಕಷ್ಟ. ಬ್ಯಾಗು ಬರಲೇ ಇಲ್ಲ ಅಂತ ಆಮೇಲೆ ತೋರಿಸುವುದು ಇನ್ನೂ ಕಷ್ಟ.

ಅಲ್ಲಿ ನಾವು ಬ್ಯಾಗು ಬಂದಿಲ್ಲ ಅಂತ ದಾಖಲಿಸುವ ಪಿಐಆರ್ ಎಂಬ ವರದಿ ಬರೆದುಕೊಳ್ಳುತ್ತೇವೆ. ಬ್ಯಾಗು ಹೇಗಿತ್ತು ಅಂದರೆ "ಕಪ್ಪು ಬಣ್ಣ, ದೊಡ್ಡದು" ಅನ್ನುತ್ತಾರೆ. ಬೆಲ್ಟಿನ ಮೇಲೆ ಇದ್ದ ಅರ್ಧ ಬ್ಯಾಗು ಹಾಗೇ ಇರುತ್ತವೆ, ಅಲ್ವಾ? ನಮ್ಮ ಬಳಿ ಚಿತ್ರಗಳ ಪಟ್ಟಿ ಇರುತ್ತದೆ. ಗಟ್ಟಿ ಹೊದಿಕೆಯದೋ ಬಟ್ಟೆಯದೋ, ಜಿಪ್ ಇದೆಯೋ ಇಲ್ಲವೋ ನೋಡಿ ಬೆರಳಿಟ್ಟು ತೋರಿಸಬೇಕು. ಮನೆಯಲ್ಲೇ ತೆಗೆದ ಒಂದು ಫೋಟೋ ಇದ್ದರೆ ಕೆಲಸ ಅರ್ಧ ಮುಗಿಯಿತು. ಒಳಗೆ ಮೇಲ್ಗಡೆ ಏನಿತ್ತು ಅನ್ನುವುದನ್ನೂ ಹೇಳಿ. ಟ್ಯಾಗ್ ಹರಿದುಹೋದ ಬ್ಯಾಗನ್ನು ತೆರೆದು, ಒಳಗಿನ ಸಾಮಾನು ನೋಡಿಯೇ ಯಾರದು ಅಂತ ಹೊಂದಿಸುತ್ತಾರೆ. ಹಳದಿ ಸ್ವೆಟರು, ಎಡಗಾಲಿನ ಹಿಮ್ಮಡಿ ಸವೆದ ಚಪ್ಪಲಿ ಅಂತ ಹೇಳಿದರೆ ಹೊಂದಿಸುವುದು ಸುಲಭ. ಹೆಸರು, ಫೋನ್ ನಂಬರ್, ಹೋಗುವ ಊರು ಬರೆದ ಚೀಟಿಯೊಂದು ಒಳಗಿದ್ದರೆ ಇನ್ನೂ ಒಳ್ಳೆಯದು.

ವರದಿಯ ನಂಬರ್ ತೆಗೆದುಕೊಳ್ಳದೆ ಹೋಗಬೇಡಿ. ಅದರಲ್ಲಿ ನಿಲ್ದಾಣದ ಮೂರು ಅಕ್ಷರ, ಏರ್‌ಲೈನಿನ ಎರಡು, ಆಮೇಲೆ ಐದು ಅಂಕಿ ಇರುತ್ತದೆ. ಹಲವು ಏರ್‌ಲೈನುಗಳು ಬಳಸುವ ವರ್ಲ್ಡ್‌ಟ್ರೇಸರ್ ವ್ಯವಸ್ಥೆಯಲ್ಲಿ ಈ ನಂಬರಿನಿಂದಲೇ ಬ್ಯಾಗಿನ ಸ್ಥಿತಿ ನೋಡಬಹುದು. ಎರಡು ದಿನದಲ್ಲಿ ಬೇರೆ ಊರಿಗೆ ಹೋಗುವವರಿದ್ದರೆ ಆ ವಿಳಾಸವನ್ನೂ ಕೊಡಿ. ಇಲ್ಲದಿದ್ದರೆ ಬ್ಯಾಗು ನಿಮ್ಮ ಹಿಂದೆಯೇ ಊರೂರು ಅಲೆಯುತ್ತದೆ.

ಈಗ ಹಣದ ವಿಷಯ. ಪಿಐಆರ್ ಬರೆಸಿದರೆ ಪರಿಹಾರ ಕೇಳಿದಂತಾಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಬ್ಯಾಗು ಹುಡುಕುವುದಕ್ಕೆ ಮಾತ್ರ. ಪರಿಹಾರಕ್ಕೆ ಬೇರೆಯಾಗಿ, ಬರವಣಿಗೆಯಲ್ಲೇ ದೂರು ಕೊಡಬೇಕು. ಅಂತಾರಾಷ್ಟ್ರೀಯ ಪ್ರಯಾಣಕ್ಕೆ ಬಹುತೇಕ ಕಡೆ ಅನ್ವಯಿಸುವುದು 1999ರ ಮಾಂಟ್ರಿಯಲ್ ಒಪ್ಪಂದ. ಅದರ ಪ್ರಕಾರ ಬ್ಯಾಗಿಗೆ ಹಾನಿಯಾಗಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿದ್ದರೆ ಕೈಗೆ ಬಂದ 21 ದಿನದೊಳಗೆ ದೂರು ಸಲ್ಲಿಸಬೇಕು. ಬರಬೇಕಾದ ದಿನದಿಂದ 21 ದಿನ ಕಳೆದರೂ ಬರದಿದ್ದರೆ ಕಳೆದುಹೋಗಿದೆ ಅಂತಲೇ ಪರಿಹಾರ ಕೇಳಬಹುದು. ಮಿತಿ ಪ್ರಯಾಣಿಕರೊಬ್ಬರಿಗೆ 1,519 ಎಸ್‌ಡಿಆರ್. 2024ರ ಡಿಸೆಂಬರ್ 28ರಿಂದ ಇದು ಜಾರಿಯಲ್ಲಿದೆ. ಎಸ್‌ಡಿಆರ್ ಅಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ, ಅದರ ಬೆಲೆ ದಿನದಿನಕ್ಕೂ ಬದಲಾಗುತ್ತದೆ. ಮಿತಿಯಷ್ಟೂ ಹಣ ತಾನಾಗಿ ಬರುವುದಿಲ್ಲ, ಆದ ನಷ್ಟವನ್ನು ನೀವೇ ತೋರಿಸಬೇಕು. ಹಾಗಾಗಿ ಬ್ಯಾಗಿಗೆ ಕಾಯುವಾಗ ಕೊಂಡ ಬಟ್ಟೆ, ಸೋಪು, ಟೂತ್‌ಬ್ರಷ್‌ಗಳ ಬಿಲ್ಲು ಇಟ್ಟುಕೊಳ್ಳಿ. ಅಗತ್ಯದ್ದನ್ನೇ ಕೊಳ್ಳಿ. ದುಬಾರಿ ಸೂಟಿನ ಬಿಲ್ಲಿಗೆ ಹಣ ಸಿಗುವುದು ಅಪರೂಪ. ಔಷಧಿ, ಒಡವೆ, ಪ್ರಮಾಣಪತ್ರಗಳನ್ನಂತೂ ಕೈಬ್ಯಾಗಿನಲ್ಲೇ ಇಟ್ಟುಕೊಳ್ಳಿ.

ಏರ್‌ಲೈನ್ ಒಪ್ಪದಿದ್ದರೆ ಕೋರ್ಟಿಗೆ ಹೋಗಲು 2 ವರ್ಷ ಅವಕಾಶವಿದೆ. ಹಲವು ಏರ್‌ಲೈನು ಸೇರಿದ ಪ್ರಯಾಣವಾಗಿದ್ದರೆ ಮೊದಲನೆಯದು, ಕೊನೆಯದು, ತಡ ಮಾಡಿದ್ದು, ಇವುಗಳಲ್ಲಿ ಯಾವುದನ್ನಾದರೂ ಕೇಳಬಹುದು. "ನಮ್ಮದಲ್ಲ, ಅವರನ್ನು ಕೇಳಿ" ಅಂತ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರೆ ಈ ನಿಯಮವನ್ನು ಹೇಳಿ, ದೂರನ್ನು ಅಲ್ಲೇ ಸ್ವೀಕರಿಸಲು ಕೇಳಿ.