ಮೊದಲು ಊರು ಹೇಳಿ, ಆಮೇಲೆ ಕ್ಲ್ಯಾನ್

ಎಡಿನ್‌ಬರೋದ ರಾಯಲ್ ಮೈಲ್ ಬೀದಿಯ ಉದ್ದಕ್ಕೂ ಟಾರ್ಟನ್ ಎಂಬ ಚೌಕಳಿ ಬಟ್ಟೆಯ ಅಂಗಡಿಗಳಿವೆ. ಒಳಗೆ ಹೋಗಿ ನಿಮ್ಮ ಅಡ್ಡಹೆಸರು ಹೇಳಿದರೆ ಸಾಕು. ನಿಮ್ಮ ಕ್ಲ್ಯಾನ್, ಅಂದರೆ ಕುಲ, ಯಾವುದು, ಅದರ ಚೌಕಳಿ ಯಾವುದು, ಕೋಟೆ ಎಲ್ಲಿದೆ ಎಂದು ಪಟ್ಟಿ ನೋಡಿ ಎರಡೇ ನಿಮಿಷದಲ್ಲಿ ಹೇಳಿಬಿಡುತ್ತಾರೆ. ವಂಶಾವಳಿ ಹುಡುಕಿಕೊಡುವುದು ನನ್ನ ಕಸುಬು. ನನ್ನಲ್ಲಿಗೆ ಬರುವವರಲ್ಲಿ ಅನೇಕರು ಆ ಅಂಗಡಿಯ ಚೀಲ ಹಿಡಿದುಕೊಂಡೇ ಬರುತ್ತಾರೆ.

ಕೆಲವು ವರ್ಷಗಳ ಹಿಂದೆ ಕೆನಡಾದಿಂದ ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಅಡ್ಡಹೆಸರು ಮರ್ರೆ. ಕೊರಳಲ್ಲಿ ಹೊಸ ಮರ್ರೆ ಟಾರ್ಟನ್ ಟೈ. ಮರ್ರೆಗಳ ಮುಖ್ಯಸ್ಥರಾದ ಅಥೋಲ್ ಡ್ಯೂಕರ ಬ್ಲೇರ್ ಕೋಟೆಯೆದುರು ನಿಂತು ಫೋಟೊ ತೆಗೆಸಿಕೊಂಡೂ ಆಗಿತ್ತು. "ಇನ್ನು ನಡುವಿನ ಹೆಸರುಗಳನ್ನು ತುಂಬಿಕೊಟ್ಟರೆ ಮುಗಿಯಿತು" ಎಂದರು. ನಿಮ್ಮವರು ಯಾವ ಊರಿನವರು ಎಂದು ಕೇಳಿದೆ. "ಸ್ಕಾಟ್ಲೆಂಡ್." ಸ್ಕಾಟ್ಲೆಂಡಿನಲ್ಲಿ ಯಾವ ಊರು? ಗೊತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರನ್ನು ಹೆಸರಿಗಿಂತ ಮೊದಲು "ಯಾವೂರ್ರೀ ನಿಮ್ದು?" ಎಂದು ಕೇಳುವ ಸೀಮೆಯವನು ನಾನು. ಈ ಕಸುಬಿನಲ್ಲಿ ಅದೇ ನನ್ನ ಬಂಡವಾಳ.

ಸ್ಕಾಟ್ಲೆಂಡಿನ ಗುಡ್ಡನಾಡಿನ (ಹೈಲ್ಯಾಂಡ್ಸ್) ಗೇಲಿಕ್ ಭಾಷೆಯಲ್ಲಿ ಕ್ಲ್ಯಾನ್ ಎಂದರೆ ಮಕ್ಕಳು. ಒಬ್ಬ ಮೂಲಪುರುಷ, ಅವನ ಮಕ್ಕಳು ಮೊಮ್ಮಕ್ಕಳೇ ಊರು ತುಂಬ ಎಂಬ ಕಲ್ಪನೆ ಆ ಪದದಲ್ಲೇ ಇದೆ. ಕಲ್ಪನೆ ಎಂದೆ, ಏಕೆಂದರೆ ಮುಖ್ಯಸ್ಥನ ಹತ್ತಿರದ ಮನೆಗಳನ್ನು ಬಿಟ್ಟರೆ ಉಳಿದವರಲ್ಲಿ ಹೆಚ್ಚಿನವರು ಅವನ ನೆಲದಲ್ಲಿ ಗೇಣಿ ಮಾಡಿಕೊಂಡು, ಅವನ ನೆರಳಿನಲ್ಲಿದ್ದ ಒಕ್ಕಲುಗಳು. ಒಡೆಯನ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡರು. ಇನ್ವರ್ನೆಸ್ ಕಡೆ 'ಹಿಟ್ಟಿನ ಫ್ರೇಸರ್‌ಗಳು' ಎಂಬ ಹಾಸ್ಯದ ಮಾತಿದೆ. ಒಂದು ಅಳತೆ ಓಟ್ಸ್ ಹಿಟ್ಟಿಗಾಗಿ ಫ್ರೇಸರ್ ಎಂಬ ಹೆಸರು ಹಚ್ಚಿಕೊಂಡವರು ಎಂದರ್ಥ. ಹಸಿದವರು ಹೆಸರು ಬದಲಿಸಿದ್ದರಲ್ಲಿ ತಪ್ಪೇನಿದೆ? ಆದರೆ ಅವರ ಮರಿಮಕ್ಕಳು ಇಂದು ಮುಖ್ಯಸ್ಥನ ರಕ್ತ ನಮ್ಮದು ಎಂದು ಬಂದಾಗ ನಾನು ಮೆಲ್ಲಗೆ ಕೆಮ್ಮಬೇಕಾಗುತ್ತದೆ. ಇನ್ನು ಸ್ಮಿತ್, ಬ್ರೌನ್ ಮುಂತಾದ ತಗ್ಗುನಾಡಿನ ಹೆಸರಿನವರಲ್ಲಿ ಎಷ್ಟೋ ಮಂದಿಗೆ ಕ್ಲ್ಯಾನೇ ಇರಲಿಲ್ಲ. ಅವರಿಗೂ ಅಂಗಡಿಯವನು ಒಂದನ್ನು ಹೊಂದಿಸಿಯೇ ಕೊಡುತ್ತಾನೆ.

ಆ ಚೌಕಳಿಗಳ ಕತೆಯೂ ಅಷ್ಟಕ್ಕಷ್ಟೇ. 1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ, ಸ್ಟೂವರ್ಟ್ ರಾಜವಂಶವನ್ನು ಮತ್ತೆ ಪಟ್ಟಕ್ಕೇರಿಸಲು ಬಂಡೆದ್ದ ಜಾಕೊಬೈಟರು ಸೋತರು. ಸರ್ಕಾರ ಗುಡ್ಡನಾಡಿನ ಗಂಡಸರ ಉಡುಪನ್ನು ನಿಷೇಧಿಸಿತು, ಮುಖ್ಯಸ್ಥರ ಪಾರಂಪರಿಕ ನ್ಯಾಯಾಧಿಕಾರವನ್ನು ಕಿತ್ತುಕೊಂಡಿತು. ಉಡುಪಿನ ನಿಷೇಧ ತೆರವಾದದ್ದು 1782ರಲ್ಲಿ. 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಂದೆ ನಿಂತು ಸಂಭ್ರಮ ಏರ್ಪಡಿಸಿದ. ಎಲ್ಲರೂ ತಮ್ಮ ತಮ್ಮ ಟಾರ್ಟನ್ ಉಟ್ಟು ಬರಬೇಕೆಂದಾಗ ಎಷ್ಟೋ ಮುಖ್ಯಸ್ಥರು ನಮ್ಮದು ಯಾವುದು ಎಂದು ನೇಕಾರರನ್ನೇ ಕೇಳಬೇಕಾಯಿತು. ಒಂದು ಕ್ಲ್ಯಾನಿಗೆ ಒಂದು ನಮೂನೆ ಎಂಬ ಕಟ್ಟು ಗಟ್ಟಿಯಾದದ್ದು ಆ ಕಾಲದಲ್ಲಿ. ಲಾಂಛನದ್ದು ಇನ್ನೊಂದು ತಪ್ಪುತಿಳಿವಳಿಕೆ. ಸ್ಕಾಟ್ಲೆಂಡಿನ ಕಾನೂನಿನಲ್ಲಿ ಲಾಂಛನ ಅಡ್ಡಹೆಸರಿಗೆ ಸೇರಿದ್ದಲ್ಲ, ಒಬ್ಬ ವ್ಯಕ್ತಿಯ ಆಸ್ತಿ. ಲಾರ್ಡ್ ಲಯನ್ ನ್ಯಾಯಾಲಯ 1672ರಿಂದ ಅದರ ರಿಜಿಸ್ಟರ್ ಇಟ್ಟುಕೊಂಡು ಬಂದಿದೆ. ಮುಖ್ಯಸ್ಥನ ಲಾಂಛನವನ್ನು ನಿಮ್ಮ ಲೆಟರ್‌ಹೆಡ್ ಮೇಲೆ ಅಚ್ಚು ಹಾಕಿಸಿಕೊಂಡರೆ ಅದು ಅಲ್ಲಿ ಅಪರಾಧ.

ಹಾಗಾದರೆ ಹುಡುಕುವುದು ಹೇಗೆ? ಸ್ಕಾಟ್ಲೆಂಡಿನಿಂದ ಶುರುಮಾಡಬೇಡಿ, ನಿಮ್ಮ ಮನೆಯಿಂದ ಶುರುಮಾಡಿ. ಮರ್ರೆ ಮೇಷ್ಟ್ರನ್ನು ನಾನು ಮೊದಲು ಕಳಿಸಿದ್ದು ಕೆನಡಾಕ್ಕೇ. ಒಂಟಾರಿಯೊದ ಹಳೆಯ ಸ್ಮಶಾನದಲ್ಲಿ ಅವರ ವಲಸೆ ಬಂದ ಹಿರಿಯನ ಕಲ್ಲಿತ್ತು. ಹೊರನಾಡಿಗೆ ಹೋದ ಸ್ಕಾಟರು ಸಮಾಧಿಯ ಮೇಲೆ ತಾವು ಹುಟ್ಟಿದ ಊರನ್ನು ಕೆತ್ತಿಸುವುದುಂಟು. 'ಪರ್ಥ್‌ಶೈರಿನ ಬಾಲ್‌ಹ್ವಿಡರಿನವ' ಎಂದಿತ್ತು. ವಯಸ್ಸಿನ ಲೆಕ್ಕ ಹಾಕಿದರೆ ಹುಟ್ಟಿದ್ದು 1770ರ ಸುಮಾರು. ಊರು ಸಿಕ್ಕಿತು.

ಬಾಲ್‌ಹ್ವಿಡರ್ ಎಂದ ಕೂಡಲೇ ನನಗೆ ಅನುಮಾನ ಬಂತು. ಅದು ಗುಡ್ಡನಾಡಿನ ಹೆಸರುವಾಸಿ ದಂಗೆಕೋರ ರಾಬ್ ರಾಯ್ ಮ್ಯಾಕ್‌ಗ್ರೆಗರನ ಸಮಾಧಿ ಇರುವ ಊರು. ಆ ಮನೆತನದವರು ಇನ್ನೊಂದು ಕ್ಲ್ಯಾನಿನೊಡನೆ ಕಾದಾಡಿದ ಗ್ಲೆನ್ ಫ್ರೂಯಿನ್ ಕದನದ ನಂತರ, 1603ರಲ್ಲಿ, ಮ್ಯಾಕ್‌ಗ್ರೆಗರ್ ಎಂಬ ಹೆಸರನ್ನೇ ಕಾನೂನು ನಿಷೇಧಿಸಿತು. ಆ ಹೆಸರು ಇಟ್ಟುಕೊಂಡರೆ ಮರಣದಂಡನೆ. 1661ರಲ್ಲಿ ನಿಷೇಧ ತೆಗೆದರು, 1693ರಲ್ಲಿ ಮತ್ತೆ ಹೇರಿದರು, ಕಡೆಗೂ ಹೋದದ್ದು 1774ರಲ್ಲಿ. ಅಷ್ಟೂ ಕಾಲ ಅವರು ಕ್ಯಾಂಬೆಲ್, ಡ್ರಮಂಡ್, ಗ್ರಾಂಟ್, ಸ್ಟೂವರ್ಟ್, ಮರ್ರೆ ಎಂದು ಹೇಳಿಕೊಂಡು ಬದುಕಿದರು. ಸ್ವತಃ ರಾಬ್ ರಾಯ್ ತಾಯಿಯ ಕಡೆಯ ಹೆಸರು ಕ್ಯಾಂಬೆಲ್ ಎಂದು ಸಹಿ ಹಾಕುತ್ತಿದ್ದ.

ಚರ್ಚಿನ ಹಳೆಯ ರಿಜಿಸ್ಟರುಗಳು ಈಗ ಸ್ಕಾಟ್ಲೆಂಡ್ಸ್ ಪೀಪಲ್ ಎಂಬ ಸರ್ಕಾರಿ ಜಾಲತಾಣದಲ್ಲಿ ಸಿಗುತ್ತವೆ. ಅವುಗಳಲ್ಲಿ ಅತಿ ಹಳೆಯದು ಪರ್ಥ್‌ಶೈರಿನ ಎರೊಲ್ ಊರಿನದು, 1553ರಿಂದ ಇದೆ. ಗುಡ್ಡನಾಡಿನ ಅನೇಕ ಊರುಗಳಲ್ಲಿ ಅದಕ್ಕಿಂತ ಬಹಳ ತಡವಾಗಿ ಶುರುವಾಗುತ್ತವೆ, ನಡುನಡುವೆ ಹರಿದುಹೋಗಿರುತ್ತವೆ. 1783ರಿಂದ ಹನ್ನೊಂದು ವರ್ಷ ಪ್ರತಿ ನಮೂದಿಗೂ ಮೂರು ಪೆನ್ಸ್ ತೆರಿಗೆ ಹಾಕಿದ್ದರಿಂದ ಬಡವರು ಮಕ್ಕಳ ಹೆಸರು ಬರೆಸುವುದನ್ನೇ ಬಿಟ್ಟರು. 1843ರಲ್ಲಿ ಸ್ಕಾಟ್ಲೆಂಡಿನ ಚರ್ಚು ಎರಡು ಬಣವಾದಾಗ ಗುಡ್ಡನಾಡಿನ ಬಹಳಷ್ಟು ಮಂದಿ ಫ್ರೀ ಚರ್ಚಿಗೆ ಹೊರಟುಹೋದರು, ಅವರ ಮಕ್ಕಳ ದೀಕ್ಷಾಸ್ನಾನ ಹಳೆಯ ರಿಜಿಸ್ಟರಿನಲ್ಲಿ ಕಾಣುವುದಿಲ್ಲ. ಸಿಗಲಿಲ್ಲ ಎಂದರೆ ಇರಲಿಲ್ಲ ಎಂದಲ್ಲ. ಚರ್ಚಿನ ಹಿರಿಯರ ಪಂಚಾಯಿತಿಯ ದಫ್ತರವನ್ನೂ ನೋಡಿ. ಮದುವೆಗೆ ಮೊದಲೇ ಬಸಿರಾದವರನ್ನು ಕರೆಸಿ ಅಪ್ಪನ ಹೆಸರು ಬಾಯಿಬಿಡಿಸಿ ಬರೆದಿಟ್ಟಿದ್ದಾರೆ. ಅಂದು ತಲೆತಗ್ಗಿಸಿ ನಿಂತ ಹುಡುಗಿಯಿಂದಾಗಿ ಇಂದು ನನ್ನ ಗ್ರಾಹಕರ ವಂಶವೃಕ್ಷದಲ್ಲಿ ಒಂದು ಖಾಲಿ ಜಾಗ ತುಂಬುತ್ತದೆ. ಇದನ್ನು ಓದುವಾಗ ನನಗೆ ಪ್ರತಿ ಸಲವೂ ಕಸಿವಿಸಿ.

ಮೇಷ್ಟ್ರ ಹಿರಿಯ ಸಿಕ್ಕಿದ. 1770ರಲ್ಲಿ, ಮರ್ರೆ ಎಂದೇ. ಅಪ್ಪ, ಅಮ್ಮ, ಹೊಲಮನೆಯ ಹೆಸರು, ಮೂರೂ ಇದ್ದವು. ಸ್ಕಾಟ್ಲೆಂಡಿನ ದಾಖಲೆಗಳ ದೊಡ್ಡ ಉಪಕಾರವೆಂದರೆ ಹೆಂಗಸರಿಗೆ ತವರಿನ ಅಡ್ಡಹೆಸರು ಉಳಿದಿರುತ್ತದೆ. ಅದೇ ಹೊಲಮನೆ, ಅದೇ ಅಪ್ಪ, ಅದೇ ಅಮ್ಮ ಹಿಡಿದು ಮುಂದಿನ ಪುಟಗಳನ್ನು ನೋಡುತ್ತ ಹೋದೆ. 1776ರಲ್ಲಿ ಒಬ್ಬ ತಮ್ಮ ಹುಟ್ಟಿದ್ದ. ಅವನು ಮ್ಯಾಕ್‌ಗ್ರೆಗರ್!

ಒಂದೇ ಸಾಕ್ಷಿಯನ್ನು ನಂಬಬಾರದು. ಈ ತಮ್ಮ ಊರಲ್ಲೇ ಉಳಿದವನು, ಬಹುಕಾಲ ಬಾಳಿ 1855ರಲ್ಲಿ ತೀರಿಕೊಂಡಿದ್ದ. ಸಾಯಲು ಇದಕ್ಕಿಂತ ಒಳ್ಳೆಯ ವರ್ಷ ಇರಲಿಲ್ಲ ಎಂದು ನಮ್ಮ ಕಸುಬಿನವರು ತಮಾಷೆ ಮಾಡುತ್ತೇವೆ. ಜನನ ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದು ಆ ವರ್ಷದ ಜನವರಿ 1ರಂದು. ಸತ್ತವನ ತಂದೆತಾಯಿ, ಹುಟ್ಟಿದ ಊರು, ಹೆಂಡತಿ, ಮಕ್ಕಳ ಹೆಸರು ವಯಸ್ಸು, ಎಲ್ಲಿ ಮಣ್ಣು ಮಾಡಿದರು ಎಲ್ಲವನ್ನೂ ಬರೆಯಬೇಕಿತ್ತು. ಗುಮಾಸ್ತರಿಗೆ ಸಾಕುಸಾಕಾಗಿ ಮರುವರ್ಷವೇ ಕಾಲಂಗಳನ್ನು ಕಡಿಮೆ ಮಾಡಿದರು. ಆದರೂ ತಂದೆತಾಯಿಯ ಹೆಸರಿನ ಕಾಲಂ ಮುಂದೆಯೂ ಉಳಿಯಿತು. ತಮ್ಮನ ದಾಖಲೆಯಲ್ಲಿದ್ದ ಅಪ್ಪ ಅಮ್ಮ ಅದೇ ಇಬ್ಬರು. ಸಾಲದ್ದಕ್ಕೆ ಎರಡೂ ಮನೆಗಳಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು. ಅಜ್ಜನ ಹೆಸರು ಮೊಮ್ಮಗನಿಗಿಡುವ ಪದ್ಧತಿ ನಮಗೆ ಹೊಸದಲ್ಲವಲ್ಲ. ಸ್ಕಾಟರಲ್ಲಿ ಅದಕ್ಕೆ ಒಂದು ಕ್ರಮವೇ ಇತ್ತು, ಎಲ್ಲರೂ ಪಾಲಿಸಿದರು ಎನ್ನಲಾಗದು.

ಡಿಎನ್‌ಎ ಪರೀಕ್ಷೆ ಮಾಡಿಸಲೇ ಎಂದು ಎಲ್ಲರೂ ಕೇಳುತ್ತಾರೆ. ಮಾಡಿಸಿ, ಆದರೆ ಕಾಗದಪತ್ರ ನೋಡಿದ ಮೇಲೆ. ಅದು ಎರಡು ಮನೆಗಳು ನೆಂಟರೆಂದು ಹೇಳೀತು, ಯಾವ ಹಟ್ಟಿಯಲ್ಲಿದ್ದರೆಂದು ಹೇಳದು.

ಕರ್ನಾಟಕದಿಂದಲೂ ವಿಚಾರಿಸುವವರಿದ್ದಾರೆ, ಹೆಚ್ಚಾಗಿ ಬೆಂಗಳೂರಿನ ಆಂಗ್ಲೋ ಇಂಡಿಯನ್ ಮನೆತನದವರು. ಅವರಿಗೆ ನನ್ನ ಮೊದಲ ಮಾತು: ಬೆಂಗಳೂರಿನ ಹಳೆಯ ದೀಕ್ಷಾಸ್ನಾನ, ಮದುವೆ, ಸಮಾಧಿಯ ನಮೂದುಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಮದ್ರಾಸ್ ವಿಭಾಗದಲ್ಲಿವೆ, ಮೈಸೂರು ಎಂದು ಹುಡುಕಿ ಸಮಯ ಕಳೆಯಬೇಡಿ. ಇದೇ ಹಾದಿಯಲ್ಲಿ ನೆನಪಾಗುವವನು ಕಾಲಿನ್ ಮೆಕೆಂಜಿ. ಲೂಯಿಸ್ ದ್ವೀಪದ ಸ್ಟೋರ್ನೊವೇ ಊರಿನವನು. ಆ ದ್ವೀಪವೇ ಆಗ ಮೆಕೆಂಜಿ ಮುಖ್ಯಸ್ಥರ ಕೈಯಲ್ಲಿತ್ತು. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಸರ್ವೆಗೆ ಬಂದ ಈತ ನೆಲ ಅಳೆದದ್ದಲ್ಲದೆ ಊರೂರಿನ ಕೈಫಿಯತ್ತುಗಳನ್ನು, ಪಾಳೆಯಗಾರರ ವಂಶಾವಳಿಗಳನ್ನು ಬರೆಸಿಕೊಂಡ. ಕ್ಲ್ಯಾನ್ ನಾಡಿನಲ್ಲಿ ಹುಟ್ಟಿದವನಿಗೆ ನಮ್ಮ ಪಾಳೆಯಗಾರ ಮನೆತನಗಳ ಜಗಳ ಬೇಗ ಅರ್ಥವಾಗಿರಬೇಕು ಎಂದು ನನಗೆ ಅನ್ನಿಸುತ್ತದೆ.

ಬರಹಕ್ಕೆ ಮೊದಲು ಬಾಯಿಪಾಠ ಇತ್ತು. ಧಾರವಾಡದ ಹತ್ತಿರದ ನನ್ನ ಅಜ್ಜನ ಮನೆಗೆ ಸುಗ್ಗಿಯಾದ ಮೇಲೆ ಹೆಳವರು ಎತ್ತಿನ ಮೇಲೆ ಬಂದು ಹತ್ತು ತಲೆಮಾರಿನ ಹೆಸರು ಒಪ್ಪಿಸಿ ಕಾಳು ಒಯ್ಯುತ್ತಿದ್ದರು. ಗುಡ್ಡನಾಡಿನಲ್ಲಿ ಆ ಕೆಲಸ ಶೆನಖಿಯದು. 1249ರಲ್ಲಿ ಸ್ಕೂನ್‌ನಲ್ಲಿ ಮೂರನೆಯ ಅಲೆಕ್ಸಾಂಡರನ ಪಟ್ಟಾಭಿಷೇಕವಾದಾಗ ಅಂಥ ಒಬ್ಬ ಮುದುಕ ಗೇಲಿಕ್‌ನಲ್ಲಿ ದೊರೆಯ ವಂಶವನ್ನು ಇಂಥವನ ಮಗ ಇಂಥವನು ಎಂದು ಒಪ್ಪಿಸಿದ. ಇಂದಿಗೂ ದ್ವೀಪಗಳಲ್ಲಿ ಊರಿಗೆ ಊರೇ ಮ್ಯಾಕ್‌ಲೌಡ್ ಆಗಿರುವಾಗ 'ಜೇಮ್ಸನ ಮಗ ಇಯನ್' ಎಂದರಷ್ಟೇ ಆಸಾಮಿ ಗೊತ್ತಾಗುವುದು.

ಇನ್ನು ಮೂಲನೆಲ. ಗೇಲಿಕ್‌ನಲ್ಲಿ ಎರಡು ಮಾತುಗಳಿವೆ. ಡೂಖಸ್ ಎಂದರೆ ತಲೆಮಾರಿನಿಂದ ಬಾಳಿ ಬಂದವರಿಗೆ ಆ ನೆಲದ ಮೇಲಿರುವ ಹಕ್ಕು. ಒಯರಖ್ಕ್ ಎಂದರೆ ದೊರೆಯ ಸನದಿನಿಂದ ಮುಖ್ಯಸ್ಥನಿಗೆ ಬಂದ ಒಡೆತನ. ಒಕ್ಕಲುಗಳು ಮೊದಲನೆಯದನ್ನು ನಂಬಿದ್ದರು, ನ್ಯಾಯಾಲಯ ಎರಡನೆಯದನ್ನು ಮಾತ್ರ ಒಪ್ಪಿತು. ಕಾಳಗಕ್ಕೆ ಆಳು ಬೇಡವಾದ ಮೇಲೆ ಮುಖ್ಯಸ್ಥರಿಗೆ ಜನರಿಗಿಂತ ಕುರಿ ಲಾಭದಾಯಕವೆನಿಸಿತು. ಸದರ್ಲೆಂಡಿನ ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814ರಲ್ಲಿ ಒಕ್ಕಲೆಬ್ಬಿಸುವಾಗ ಮನೆಗಳಿಗೆ ಬೆಂಕಿಯಿಟ್ಟರು. ಅದರ ಉಸ್ತುವಾರಿ ಪ್ಯಾಟ್ರಿಕ್ ಸೆಲ್ಲರ್ 1816ರಲ್ಲಿ ವಿಚಾರಣೆಗೆ ಒಳಗಾಗಿ ಖುಲಾಸೆಯೂ ಆದ. ತಮ್ಮವರನ್ನು ಓಡಿಸಿದ ಮನೆತನದ ಕೋಟೆಯೆದುರು ನಿಂತು ಫೋಟೊ ತೆಗೆಸಿಕೊಳ್ಳುವ ಮೊಮ್ಮಕ್ಕಳನ್ನು ನಾನು ಪ್ರತಿ ಬೇಸಿಗೆಯಲ್ಲೂ ಕಾಣುತ್ತೇನೆ. ಏನೂ ಹೇಳುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತೇನೆ.

ಓಡಿಸುವುದಕ್ಕೆ ಮೊದಲು ಊರು ಹೇಗಿತ್ತು ಎಂದು ನೋಡಲು ವಿಲಿಯಂ ರಾಯ್‌ನ ಸೈನಿಕ ನಕ್ಷೆ ಇದೆ. ಕಲೋಡನ್ ಆದ ಕೂಡಲೇ, 1747ರಿಂದ ಬರೆದದ್ದು, ಬಂಡಾಯಗಾರರ ನಾಡಿನಲ್ಲಿ ದಾರಿ ತಿಳಿಯಲೆಂದು. ಈಗ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಉಚಿತ. ಹಟ್ಟಿಗಳೆಲ್ಲ ಸಣ್ಣ ಕೆಂಪು ಚುಕ್ಕಿಗಳಾಗಿ ಕಾಣುತ್ತವೆ. ಮೇಷ್ಟ್ರ ಹೊಲಮನೆಯೂ ಅದರಲ್ಲಿತ್ತು.

ಒಂದು ಮಧ್ಯಾಹ್ನ ಇಬ್ಬರೂ ಅಲ್ಲಿಗೆ ಹತ್ತಿದೆವು. ಜಿಟಿಜಿಟಿ ಮಳೆ. ಜರೀಗಿಡದ ನಡುವೆ ಮೊಣಕಾಲೆತ್ತರದ ಕಲ್ಲುಸಾಲು, ಬಾಗಿಲಿದ್ದ ಜಾಗದಲ್ಲಿ ಒಂದು ಕುರಿ. ಅವರು ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಇಳಿಯುವಾಗ, ಮ್ಯಾಕ್‌ಗ್ರೆಗರ್ ಟಾರ್ಟನ್ ಕೆಂಪು, ನಿಮಗೆ ಒಪ್ಪುತ್ತದೆ, ಟೈ ಬದಲಿಸುತ್ತೀರಾ ಎಂದು ಕೇಳಿದೆ. "ನಮ್ಮವರು ಇದೇ ಹೆಸರಲ್ಲಿ ಅಡಗಿ ಜೀವ ಉಳಿಸಿಕೊಂಡರಲ್ಲ" ಎಂದು ನೆನೆದ ಟೈಯನ್ನು ಹಿಂಡಿ ಮತ್ತೆ ಕೋಟಿನೊಳಗೆ ಸರಿಸಿಕೊಂಡರು.