ಸಿಮ್ಯುಲೇಶನ್‌ನ ಗ್ಯಾಲಕ್ಸಿಯನ್ನು ಆಕಾಶದ ಗ್ಯಾಲಕ್ಸಿಯ ಪಕ್ಕ ಇಡುವ ಮುನ್ನ

ಗ್ಯಾಲಕ್ಸಿಗಳು ಹುಟ್ಟಿ ಬೆಳೆಯುವುದನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸುವ ಇಲ್ಲಸ್ಟ್ರಿಸ್ ಟಿಎನ್‌ಜಿ ಸಿಮ್ಯುಲೇಶನ್‌ನ ದತ್ತಾಂಶ 2018ರ ಕೊನೆಯಿಂದ ಹಂತಹಂತವಾಗಿ ಎಲ್ಲರಿಗೂ ಮುಕ್ತವಾಗಿದೆ. ಇಳಿಸಿಕೊಳ್ಳುವುದು ಸುಲಭ, ಎಡವುವುದು ಹೋಲಿಕೆಯಲ್ಲಿ.

ಮೊದಲು ಯಾವ ಪೆಟ್ಟಿಗೆ, ಅಂದರೆ ಸಿಮ್ಯುಲೇಶನ್‌ನಲ್ಲಿ ವಿಶ್ವದ ಎಷ್ಟು ದೊಡ್ಡ ತುಂಡು, ಬೇಕೆಂದು ತೀರ್ಮಾನಿಸಿ: ಟಿಎನ್‌ಜಿ50 ಚಿಕ್ಕದು, ಟಿಎನ್‌ಜಿ300 ದೊಡ್ಡದು. ಅನಿಲದ ಒಂದು ಕೋಶ ಟಿಎನ್‌ಜಿ50ರಲ್ಲಿ ಸುಮಾರು 85 ಸಾವಿರ ಸೂರ್ಯರಷ್ಟು ತೂಗುತ್ತದೆ, ಟಿಎನ್‌ಜಿ100ರಲ್ಲಿ 14 ಲಕ್ಷ, ಟಿಎನ್‌ಜಿ300ರಲ್ಲಿ 1.1 ಕೋಟಿ. ನಕ್ಷತ್ರ ಕಣಗಳ ತೂಕವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ 100 ಕೋಟಿ ಸೂರ್ಯರಷ್ಟು ನಕ್ಷತ್ರವಿರುವ ಗ್ಯಾಲಕ್ಸಿಗೆ ಟಿಎನ್‌ಜಿ300ರಲ್ಲಿ ಸಿಗುವುದು ಬರೀ ತೊಂಬತ್ತು ಕಣ. ಅದರಲ್ಲಿ ಸುರುಳಿ ತೋಳು ಹುಡುಕಬೇಡಿ. ದೊಡ್ಡ ಗ್ಯಾಲಕ್ಸಿ ಗುಚ್ಛಗಳು ಬೇಕಿದ್ದರೆ ಮಾತ್ರ ಅದೇ ಸರಿ; ಟಿಎನ್‌ಜಿ50ರಲ್ಲಿ ಅವು ತೀರಾ ಅಪರೂಪ.

ನಂತರ ಏಕಮಾನ. ಪಟ್ಟಿಯಲ್ಲಿರುವ ದ್ರವ್ಯರಾಶಿಯನ್ನು ಸಾವಿರ ಕೋಟಿ ಸೂರ್ಯರಿಂದ ಗುಣಿಸಿ, 0.6774ರಿಂದ (ವಿಶ್ವ ಹಿಗ್ಗುವ ವೇಗವನ್ನು ಸೂಚಿಸುವ ಅಂಕಿ) ಭಾಗಿಸಬೇಕು. 3.4 ಎಂದಿದ್ದರೆ ಸುಮಾರು 5 ಸಾವಿರ ಕೋಟಿ ಸೂರ್ಯರು. ಭಾಗಿಸುವ ಬದಲು ಗುಣಿಸಿದರೆ ಉತ್ತರ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಆದರೆ ಗ್ರಾಫ್ ನೋಡಲು ಸರಿಯಾಗಿಯೇ ಕಾಣುತ್ತದೆ; ಅಪಾಯ ಇರುವುದೇ ಅಲ್ಲಿ. ಉದ್ದಕ್ಕೆ ಇನ್ನೊಂದು ತಿದ್ದುಪಡಿ ಇದೆ: ಅವು ವಿಶ್ವದ ಜೊತೆ ಹಿಗ್ಗುವ ಅಳತೆಗಳು. ರೆಡ್‌ಶಿಫ್ಟ್ (ಎಷ್ಟು ಹಿಂದಿನ ಕಾಲ ಎಂಬುದರ ಸೂಚಕ) 2ರಲ್ಲಿ, ಅಂದರೆ ಸಿಮ್ಯುಲೇಶನ್ ಉಳಿಸಿಟ್ಟ ಕ್ಷಣಚಿತ್ರಗಳ ಪೈಕಿ 33ನೇ ಸ್ನ್ಯಾಪ್‌ಶಾಟ್‌ನಲ್ಲಿ, ಮೂರರಿಂದ ಭಾಗಿಸಿ.

ಪಟ್ಟಿಯಲ್ಲಿ ಸಬ್‌ಹಾಲೊ ಫ್ಲ್ಯಾಗ್ (ಇದು ನಿಜವಾದ ಗ್ಯಾಲಕ್ಸಿಯೇ ಎಂದು ಹೇಳುವ ಗುರುತು) ಸೊನ್ನೆ ಇರುವುದನ್ನೆಲ್ಲ ತೆಗೆದುಹಾಕಿ. ಅವು ಬಹುತೇಕ ದೊಡ್ಡ ಗ್ಯಾಲಕ್ಸಿಯ ತಟ್ಟೆಯಿಂದ ಒಡೆದ ಅನಿಲದ ಮುದ್ದೆಗಳು, ಸ್ವತಂತ್ರ ಗ್ಯಾಲಕ್ಸಿಗಳಲ್ಲ.

ಒಟ್ಟು ನಕ್ಷತ್ರ ದ್ರವ್ಯರಾಶಿಯನ್ನು ನೇರವಾಗಿ ಬಳಸುವುದೂ ತಪ್ಪೇ. ಗುಚ್ಛದ ನಡುವಿನ ಗ್ಯಾಲಕ್ಸಿಗೆ ಸುತ್ತ ಚೆದುರಿದ ನಕ್ಷತ್ರಗಳೂ ಅದರಲ್ಲಿ ಸೇರಿರುತ್ತವೆ. ದೂರದರ್ಶಕಕ್ಕೆ ಆ ಮಸುಕು ಅಂಚು ಕಾಣುವುದಿಲ್ಲ. ವೀಕ್ಷಣೆಯವರು ಎಷ್ಟು ತ್ರಿಜ್ಯದೊಳಗೆ ಅಳೆದಿದ್ದಾರೋ ಅಷ್ಟನ್ನೇ ಕತ್ತರಿಸಿಕೊಳ್ಳಿ. ಅವರು ಸಾಲ್‌ಪೀಟರ್ ಹಂಚಿಕೆ (ಹುಟ್ಟುವ ನಕ್ಷತ್ರಗಳಲ್ಲಿ ಚಿಕ್ಕವೆಷ್ಟು, ದೊಡ್ಡವೆಷ್ಟು ಎಂಬ ಒಂದು ಊಹೆ) ಬಳಸಿದ್ದರೆ ಅವರ ಅಂಕಿಯನ್ನು ಸುಮಾರು 1.7ರಿಂದ ಭಾಗಿಸಿ, ಟಿಎನ್‌ಜಿಯದು ಷಬ್ರಿಯೆ ಹಂಚಿಕೆ. ನಕ್ಷತ್ರ ಹುಟ್ಟುವ ದರಕ್ಕೂ ಇದೇ ಎಚ್ಚರ ಬೇಕು: ಪಟ್ಟಿಯಲ್ಲಿರುವುದು ಆ ಕ್ಷಣದ ದರ, ಹೈಡ್ರೋಜನ್ ಆಲ್ಫಾ ಎಂಬ ಕೆಂಪು ಬೆಳಕು ತೋರಿಸುವುದು ಸುಮಾರು ಒಂದು ಕೋಟಿ ವರ್ಷದ ಸರಾಸರಿ, ನೇರಳಾತೀತ ಬೆಳಕು ತೋರಿಸುವುದು ಹತ್ತು ಕೋಟಿ ವರ್ಷದ್ದು.

ಇಷ್ಟಾದ ಮೇಲೆ ಭೌತವಿಜ್ಞಾನ. ನಮ್ಮ ಕ್ಷೀರಪಥದಂಥ ಗ್ಯಾಲಕ್ಸಿಯ ಹಾಲೊ, ಅಂದರೆ ಅದನ್ನು ಸುತ್ತುವರಿದ ಬಹುಪಾಲು ಕಪ್ಪುದ್ರವ್ಯದ ಗೋಳ, ಲಕ್ಷ ಕೋಟಿ ಸೂರ್ಯರಷ್ಟು ಭಾರ. ಅದರ ಪಾಲಿಗೆ ಬರುವ ಸಾಮಾನ್ಯ ದ್ರವ್ಯ ಶೇ. 16ರ ಆಸುಪಾಸು, ಅದರಲ್ಲಿ ನಕ್ಷತ್ರವಾಗಿರುವುದು ಸುಮಾರು ಐದನೇ ಒಂದು ಭಾಗ. ಇದಕ್ಕಿಂತ ಚಿಕ್ಕ ಹಾಲೊಗಳಲ್ಲೂ ದೊಡ್ಡವುಗಳಲ್ಲೂ ಇನ್ನೂ ಕಡಿಮೆ. ಚಿಕ್ಕವುಗಳಲ್ಲಿ ಸೂಪರ್‌ನೋವಾ ಗಾಳಿ ಅನಿಲವನ್ನು ಹೊರದೂಡುತ್ತದೆ, ದೊಡ್ಡವುಗಳಲ್ಲಿ ಕಪ್ಪುಕುಳಿ. 2014ರ ಮೂಲ ಇಲ್ಲಸ್ಟ್ರಿಸ್‌ನಲ್ಲಿ ಕಪ್ಪುಕುಳಿಯ ಬಿಸಿ ಗುಳ್ಳೆಗಳು ಗ್ಯಾಲಕ್ಸಿ ಗುಂಪುಗಳ ಅನಿಲವನ್ನು ವಿಪರೀತ ಖಾಲಿ ಮಾಡಿದ್ದವು. ಟಿಎನ್‌ಜಿಯಲ್ಲಿ ಆ ಜಾಗಕ್ಕೆ ರಭಸದ ಗಾಳಿ ಬಂತು.

ಇಂದಿನ ನಕ್ಷತ್ರ ದ್ರವ್ಯರಾಶಿಯ ಹಂಚಿಕೆ ವೀಕ್ಷಣೆಗೆ ಹೊಂದಿತೆಂದು ಹಿಗ್ಗಬೇಡಿ. ಮಾದರಿಯ ತಿರುಪುಗಳನ್ನು ಬಿಗಿಮಾಡಿದ್ದೇ ಅದನ್ನು ನೋಡಿಕೊಂಡು. ಕೆಂಪು, ನೀಲಿ ಗ್ಯಾಲಕ್ಸಿಗಳ ಬಣ್ಣದ ಹಂಚಿಕೆ ಹಾಗಲ್ಲ. ಅದು ಆಕಾಶದ ಗ್ಯಾಲಕ್ಸಿಗಳನ್ನು ಅಳೆದ ಸ್ಲೋನ್ ಸರ್ವೇಕ್ಷಣೆಗೆ ಹೊಂದಿರುವುದು ನಿಜವಾದ ಪರೀಕ್ಷೆ.

ವಿಲೀನ ವೃಕ್ಷದಲ್ಲಿ, ಅಂದರೆ ಯಾವ ಗ್ಯಾಲಕ್ಸಿ ಯಾವುದರಲ್ಲಿ ಸೇರಿತೆಂಬ ವಂಶಾವಳಿಯಲ್ಲಿ, ಹಿಂದೆ ಸಾಗುವಾಗ ಉಪಗ್ಯಾಲಕ್ಸಿಯೊಂದರ ದ್ರವ್ಯರಾಶಿ ಒಂದೆರಡು ಸ್ನ್ಯಾಪ್‌ಶಾಟ್‌ನಲ್ಲಿ ಧುತ್ತೆಂದು ಕುಸಿದು ಮತ್ತೆ ಏರಿದರೆ ಗಾಬರಿ ಬೇಡ. ದೊಡ್ಡ ಗ್ಯಾಲಕ್ಸಿಯ ಹತ್ತಿರ ಹಾದುಹೋಗುವಾಗ, ಗ್ಯಾಲಕ್ಸಿಗಳನ್ನು ಗುರುತಿಸುವ ಸಬ್‌ಫೈಂಡ್ ತಂತ್ರಾಂಶ ಅದರ ಕಣಗಳನ್ನು ದೊಡ್ಡದರ ಖಾತೆಗೆ ಬರೆದಿರುತ್ತದೆ. ವಿಲೀನದ ಅನುಪಾತ ಲೆಕ್ಕ ಹಾಕುವಾಗ ಡಿಕ್ಕಿಯ ಕ್ಷಣದ ಬೆಲೆ ಬಿಟ್ಟು, ಅದಕ್ಕೂ ಮೊದಲು ಚಿಕ್ಕದರ ದ್ರವ್ಯರಾಶಿ ಗರಿಷ್ಠವಿದ್ದ ಕಾಲದಲ್ಲಿ ಎರಡರದ್ದನ್ನೂ ತೆಗೆದುಕೊಳ್ಳಿ.